ಗೂಟ ನೆಟ್ಟ ಐದು ಕಡೆಯ ಜೋಳ

ಪುರ್ತಗೇರಿ
20 ಮಾರ್ಚ್ 2006

ಮುದ್ದಿನ ಮಗಳು ನಿಲೋಫರಳಿಗೆ ಅಮ್ಮನ ದುವಾ.

ಸಿಟ್ಟಿನಲ್ಲಿ ಬರೆದ ನಿನ್ನ ಕಾಗದ ಮುಟ್ಟಿತು. ನನ್ನ ಮಾತು ಪೂರ್ತಿ ಓದು, ಆಮೇಲೆ ಬೈ.

ನೀನು ಒಯ್ದ ನಮ್ಮ ಹೊಲದ ಮಣ್ಣಿನ ಲೆಕ್ಕಕ್ಕೂ ನಾನು ಕಳಿಸಿದ ಜೋಳದ ಲೆಕ್ಕಕ್ಕೂ ತಾಳೆ ಬೀಳುತ್ತಿಲ್ಲ, ನೀನೇ ಪೊಟ್ಟಣ ಅದಲುಬದಲು ಮಾಡಿದ್ದೀ ಎಂದು ನಿನ್ನ ಗೈಡ್ ಮೇಡಂ ಅನುಮಾನಪಟ್ಟಿದ್ದಾರೆ, ಎರಡು ವರ್ಷದ ಕೆಲಸ ನೀರುಪಾಲಾಗುತ್ತದೆ ಎಂದು ಬರೆದಿದ್ದೀಯ. ಅದಲುಬದಲು ಮಾಡಿದವಳು ನಾನು. ಆ ಜೋಳ ಪಕ್ಕದ ಮನೆ ಗೌರವ್ವನಿಗೆ ಅವಳ ತವರು ಚಿಕ್ಕನರಗುಂದದಿಂದ ಬಂದದ್ದು. ಈ ಸಲ ನಮ್ಮ ಕಾಳು ಸಣ್ಣದಾಗಿತ್ತು. ಧಾರವಾಡದ ದೊಡ್ಡ ಸಾಲಿ, ನಿನ್ನ ಯುನಿವರ್ಸಿಟಿಗೆ ಹೋಗುವ ಜೋಳ ಚಲೋ ಇರಲಿ ಎಂದು ಅವಳ ಹತ್ತಿರ ಎರಡು ಸೇರು ಇಸಿದುಕೊಂಡು, ಕೇರಿ, ಹಸನು ಮಾಡಿ ಕಳಿಸಿದೆ.

ತಿಳಿಯದೆ ಮಾಡಿದೆ ಎನ್ನಲಾರೆ. ರಂಜಾನ್ ರಜೆಗೆ ಬಂದು ಹೊಲದ ಐದು ಕಡೆ ಗೂಟ ನೆಟ್ಟಾಗ ನೀನೇ ನನಗೆ ಎಲ್ಲ ಬಿಡಿಸಿ ಹೇಳಿದ್ದೆ. ಯುರೇನಿಯಂ, ಥೋರಿಯಂ ಯಾರೋ ತಂದು ಹಾಕಿದ್ದಲ್ಲ, ಎಲ್ಲ ಮಣ್ಣಿನಲ್ಲೂ ಇಷ್ಟಿಷ್ಟು ಇದ್ದೇ ಇರುತ್ತವೆ, ನೀರಿನ ಜೊತೆ ಬೇರು ಹತ್ತುತ್ತವೆ, ಹೆಚ್ಚಿನದು ಬೇರಿನಲ್ಲೇ ನಿಂತು ಕಾಳಿಗೆ ಬರುವುದು ತೀರ ಕಡಿಮೆ ಎಂದಿದ್ದೆ. ಎಷ್ಟು ಕಡಿಮೆ ಎಂದು ಅಳೆಯುವುದೇ ನಿನ್ನ ಕೆಲಸ. ನಿನ್ನ ಅಬ್ಬಾ ತೀರಿಕೊಂಡ ಮೇಲೆ ಆರು ವರ್ಷ ಈ ಹೊಲ ಮಾಡಿದವಳಿಗೆ ಇಷ್ಟೂ ತಿಳಿಯದೇ?

ಸುಗ್ಗಿ ಮುಗಿದರೂ ಆ ಐದು ಕಡೆ ನಾನು ಕುಡುಗೋಲು ಹಾಕಿಸಿರಲಿಲ್ಲ. ಹಕ್ಕಿ ತಿನ್ನಬಾರದೆಂದು ತೆನೆಗಳಿಗೆ ಹಳೇ ದುಪಟ್ಟಾದ ಚೂರು ಕಟ್ಟಿದ್ದೆ. ನಿನ್ನೆ ಬೆಳಗ್ಗೆ ಹೋಗಿ ಬೇರುಸಹಿತ ಕಿತ್ತೆ. ಪ್ರತಿ ಗಿಡದ ಬುಡದ ಮಣ್ಣನ್ನೂ ಒಂದು ಗೇಣು ಅಗೆದು ತೆಗೆದೆ. ಐದು ಚೀಲ, ಐದು ನಂಬರು. ಈ ಸಲ ತೊಳೆದಿಲ್ಲ, ಕೇರಿಲ್ಲ.

ಗೌರವ್ವ ಬದುವಿನ ಮೇಲೆ ನಿಂತು, "ಹೊಲದಾಗ ಏನರ ಐತಿ ಅಂತ ಬಂದ್ರ ನಿನ್ನ ಜ್ವಾಳಾ ಯಾರ ಮೂಸಿ ನೋಡ್ತಾರ? ಸುಮ್ಮನ ಕೂಡ್ರು," ಎಂದಳು. "ಏನಿಲ್ಲಂತ ಬಂದ್ರ ನೀನೂ ನೆಮ್ಮದಿಲೆ ಉಣ್ತಿ. ಬಾ, ಚೀಲ ಹಿಡಿ," ಎಂದೆ. ಗೊಣಗುತ್ತಲೇ ಬಂದು ಹಿಡಿದಳು.

ಬರುವ ಸೋಮವಾರ ಗಜೇಂದ್ರಗಡದಲ್ಲಿ ಮೊದಲ ಬಸ್ಸು ಹತ್ತಿ, ರೋಣ, ನರಗುಂದದ ಮೇಲೆ ಧಾರವಾಡಕ್ಕೆ ಬರುತ್ತೇನೆ. ಚೀಲಗಳನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಮೇಡಂ ಮುಂದೆ ನಾನೇ ನಿಂತು ತಪ್ಪು ಒಪ್ಪಿಕೊಳ್ಳುತ್ತೇನೆ. ಲೆಕ್ಕ ಏನೇ ಬರಲಿ, ಬಂದದ್ದನ್ನು ಬಂದ ಹಾಗೆ ಬರೆ. ನನ್ನ ಮುಖ ನೋಡಿ ಒಂದಂಕಿಯನ್ನೂ ಮುಚ್ಚಿಡಬೇಡ.

ನಿನ್ನ ತಾಯಿ,
ಮೈಮುನಬಿ

ತಾ.ಕ.: ಕಾಳು ಸಣ್ಣದಿತ್ತು ಎಂದು ಮೇಲೆ ಬರೆದದ್ದು ಸುಳ್ಳು. ಇಷ್ಟು ದುಂಡು ಕಾಳು ನಮ್ಮ ಹೊಲ ಎಂದೂ ಕೊಟ್ಟಿರಲಿಲ್ಲ. ರಕ್ತದ ಕ್ಯಾನ್ಸರ್ ಎಂದು ದವಾಖಾನಿಯಲ್ಲಿ ಹೇಳಿದ ಮೇಲೆ ನಿನ್ನ ಅಬ್ಬಾಗೆ ಬೇರೇನೂ ಸೇರುತ್ತಿರಲಿಲ್ಲ, ನಮ್ಮ ಜೋಳದ ಗಂಜಿಯೇ ಬೇಕಿತ್ತು. ಎಂಟು ತಿಂಗಳು ಈ ಕೈಯಿಂದಲೇ ಕುಡಿಸಿದೆ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಅದೇ ಜೋಳದ ರೊಟ್ಟಿ ಬಡಿದು ಹಾಕಿದವಳೂ ನಾನೇ. ನಾನು ಏನು ಉಣಿಸಿದೆ ಎಂದು ನಿನ್ನ ಯಂತ್ರ ಹೇಳಿಬಿಟ್ಟರೆ ಎಂದು ಹೆದರಿದ್ದೆ. ಹೆದರಿಕೆ ಇನ್ನೂ ಹೋಗಿಲ್ಲ. ಐದನೇ ಚೀಲ ಮೊದಲು ಅಳೆ. ಅದು ಅವರು ಕೂತು ಉಣ್ಣುತ್ತಿದ್ದ ಬೇವಿನ ಗಿಡದ ಹತ್ತಿರದ್ದು. ನೀನು ಅಳೆಯುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ.