ಬಿ ಬ್ಲಾಕಿನ ಸಾಯದ ಮರಗಳು

೨೭ ಆಗಸ್ಟ್ ೧೯೫೬

ಮತ್ತೆ ಮಳೆ. ಹದಿನಾಲ್ಕು ಕಾರ್ಡು ಬರೆದೆ. ಒಂದು ಮರಕ್ಕೆ ಒಂದು ಕಾರ್ಡು — ಕಾಂಡದ ಸುತ್ತಳತೆ, ಹಣ್ಣಿನ ಎಣಿಕೆ, ಎಲೆಯ ಬಣ್ಣ. ನಾನೂರು ಕಿತ್ತಳೆ ಮರ. ತೋಟದಿಂದ ಬರುವ ಫೀಲ್ಡ್ ಪುಸ್ತಕಗಳಿಗೆಲ್ಲ ಬೂಸ್ಟು. ಬ್ಲಾಟಿಂಗ್ ಪೇಪರು ಹಾಕಿ ಇಸ್ತ್ರಿ ಆಡಿಸಿ ಒಣಗಿಸುತ್ತೇನೆ. ಆಫೀಸಿಗೆ ಇದ್ದಿಲು ಬೇಕೆಂದು ಅರ್ಜಿ ಬರೆದ ಮೊದಲ ರೆಕಾರ್ಡ್ ಕೀಪರ್ ನಾನೇ ಇರಬೇಕು.

ನವೆಂಬರ್ ಒಂದಕ್ಕೆ ಕೊಡಗು ರಾಜ್ಯ ಮುಗಿಯುತ್ತದೆ. ನಾವು ಮೈಸೂರು ರಾಜ್ಯಕ್ಕೆ. ಅಷ್ಟರೊಳಗೆ ಈ ಪ್ರಯೋಗದ ತೋಟದ ಆರು ವರ್ಷದ ದಾಖಲೆ ಯೂನಿವರ್ಸಿಟಿ ಸೇರಬೇಕು. ಪ್ರಯೋಗ ನಡೆಸುತ್ತಿರುವ ಪ್ರೊಫೆಸರರ ಕಾಗದ ಬಂದಿದೆ: ಕಾರ್ಡುಗಳನ್ನು ಪರಿಶೀಲಿಸಿ, ಸಹಿ ಮಾಡಿ ಕಳಿಸಿ. ಕಚ್ಚಾ ಫೀಲ್ಡ್ ಪುಸ್ತಕಗಳನ್ನು ಸುಟ್ಟುಬಿಡಿ.

೩ ಸೆಪ್ಟೆಂಬರ್

ಎ ಬ್ಲಾಕಿಗೆ ಔಷಧಿ ಇಲ್ಲ. ಬಿ ಬ್ಲಾಕಿಗೆ ಮೈಲುತುತ್ತ, ಸುಣ್ಣ — ೧೯೫೩ರಿಂದ. ದೇರಪ್ಪ ಬಿ ಬ್ಲಾಕಿನ ಮರ ನೋಡಿಕೊಂಡು ಅಳತೆ ಬರೆಯುವ ಕೆಲಸಕ್ಕೆ ಬಂದದ್ದೂ ಅದೇ ವರ್ಷ. ಅದಕ್ಕೆ ಮೊದಲು ಶ್ರೀಮಂಗಲದ ಕಡೆ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವವನು. ೧೯೫೩ರಿಂದ ಈಚೆಗೆ ಎ ಬ್ಲಾಕಿನಲ್ಲಿ ಸತ್ತ ಮರ ನಲವತ್ತೊಂದು. ಬಿಯಲ್ಲಿ ಒಂದೂ ಇಲ್ಲ. ಪ್ರೊಫೆಸರರ ಲೇಖನ ನಿಂತಿರುವುದೇ ಇದರ ಮೇಲೆ. ಜನವರಿಯಲ್ಲಿ ಅಚ್ಚು. ಆಮೇಲೆ ಬೆಳೆಗಾರರೆಲ್ಲ ಇದನ್ನೇ ಹೊಡೆಯಬೇಕು ಎಂದು ಸಾರುತ್ತಾರಂತೆ.

ದೇರಪ್ಪನದೊಂದು ಚಾಳಿ... ಹಿಂದಿನ ವರ್ಷ ೧೯ ಇಂಚು ಇದ್ದ ಮರಕ್ಕೆ ೨ ಎಂದು ಬರೆಯುವುದು. ಮರುವರ್ಷ ೨½. ಪಕ್ಕದ ಸೊನ್ನೆ ಬಿಟ್ಟಿದ್ದಾನೆ. ಕಾರ್ಡಿಗೆ ನಕಲು ಮಾಡುವಾಗ ನಾನೇ ೨೦ ಮಾಡಿದ್ದೆ, ೨೦½ ಮಾಡಿದ್ದೆ. ಇಂಥ ಮರ ಮೂವತ್ತೆಂಟು. ಇವತ್ತು ನೋಡಿದರೆ ಎಷ್ಟು ಅಚ್ಚುಕಟ್ಟು ನನ್ನ ಅಕ್ಷರ. ಸ್ವಲ್ಪ ಹೆಮ್ಮೆಯೂ ಆಯಿತು.

೧೧ ಸೆಪ್ಟೆಂಬರ್, ಸಂಜೆ ೫

ಸತುವಿನ ನಂಬರ್ ತಗಡು ಎಣಿಸಲು ದೇರಪ್ಪನ ಜೊತೆ ತೋಟಕ್ಕೆ ಇಳಿದೆ. ಆರು ವರ್ಷದಲ್ಲಿ ಇದು ಎಷ್ಟನೆಯ ಸಲ? ನಾಲ್ಕು? ಪ್ರೊಫೆಸರೂ ಅಷ್ಟೆ, ಎರಡು ಸಾಲು ನೋಡಿ ಜಿಗಣೆಗೆ ಹೆದರಿ ಜೀಪು ಹತ್ತುವವರು. ನಾನು ಒಳಗೆ ಹೋದೆ. ಬಿ ಬ್ಲಾಕಿನ ಏಳನೆಯ ಸಾಲಿನಲ್ಲಿ ೧೧೭ರ ತಗಡು. ನನ್ನ ಎದೆಯೆತ್ತರದ ಗಿಡದ ಪಕ್ಕ, ಗೂಟಕ್ಕೆ ಕಟ್ಟಿತ್ತು. ಕಾಂಡವನ್ನು ಎರಡೇ ಬೆರಳಲ್ಲಿ ಹಿಡಿಯಬಹುದು.

"ಇದು ಯಾವುದು, ದೇರಪ್ಪ?"

"ನೂರಾ ಹದಿನೇಳು ಸಾರ್."

"ಅದು ದೊಡ್ಡ ಮರ ಅಲ್ವೇನಯ್ಯ?"

"ಅದು ಸತ್ತು ಎಷ್ಟು ಕಾಲ ಆತ್ ಸಾರ್! ಇದು ಸಪ್ಲೈ."

ಎಸ್ಟೇಟಿನ ಪದ್ಧತಿ. ಸತ್ತ ಗಿಡದ ಗುಂಡಿಗೆ ಹೊಸ ಸಸಿ, ಹಳೆಯ ನಂಬರು.

"ಒಂದು ಗುಂಡಿನೂ ಖಾಲಿ ಬಿಟ್ಟಿಲ್ಲೆ ಸಾರ್. ಖಾಲಿ ಕಂಡ್ರೆ ನಮ್ಮ ಹಳೇ ದೊರೆ ರೈಟರನ್ನೇ ಗುಂಡಿಗೆ ಇಳಿಸ್ತಿದ್ರು." ನಕ್ಕ.

"ನಂಗ್ಯಾಕೆ ಹೇಳ್ಲಿಲ್ಲ?"

"ಎಂಥ ಹೇಳೋದು? ಅಳತೆ ಬರ್ದಿದ್ದೇನಲ್ಲ. ಎರಡಿಂಚು ಅಂತ."

ಬರೆದಿದ್ದ.

೨೯ ಸೆಪ್ಟೆಂಬರ್

ಕಾರ್ಡು ಮುಟ್ಟಿಲ್ಲ. ಜಗುಲಿ, ಅಂಗಳ, ಮೂರ್ನಾಡು ಪೇಟೆಯವರೆಗೆ ನಡಿಗೆ, ಮತ್ತೆ ಜಗುಲಿ. ಸರೋಜ ನೋಡಿ ನೋಡಿ ಕೇಳಿದಳು: "ಆಫೀಸಿಂದ ಏನ್ ಕದ್ಕೊಂಡ್ ಬಂದಿದೀರಾ? ಕೂತಲ್ಲಿ ಕೂರಲ್ಲ." ಏನೂ ಇಲ್ಲ ಅಂದೆ. "ಹಂಗಾರೆ ನಿಲ್ಲಿ. ಸಾರಿಸಿದ್ ನೆಲ ಎದ್ದೋಗ್ತಾ ಐತೆ." ಮದುವೆಯಾಗಿ ಇಪ್ಪತ್ತು ವರ್ಷವಾದರೂ ಶನಿವಾರಸಂತೆಯ ಮಾತು ಬಿಟ್ಟಿಲ್ಲ ಅವಳು.

ಎ ಬ್ಲಾಕಿನ ಅಳತೆ ಬರೆಯುವ ಕೂಸಪ್ಪನಿಗೆ ವಿಷಯ ಹೇಳಿ ವಿಚಾರಿಸಿದೆ. ಅವನು ಸತ್ತ ಮರಕ್ಕೆ ಕೆಂಪು ಗೀಟು ಹಾಕಿದ, ಗುಂಡಿ ಖಾಲಿ ಬಿಟ್ಟ. ಆದ್ದರಿಂದ ಅಲ್ಲಿ ನಲವತ್ತೊಂದು. ಬಿಯಲ್ಲಿ ನಿಜಕ್ಕೂ ಮೂವತ್ತೆಂಟು. ಅಂದರೆ ಔಷಧಿ ಏನೂ ಮಾಡಿಲ್ಲ. ಅಥವಾ ಮೂರು ಮರದಷ್ಟು ಮಾಡಿದೆ.

ಫೀಲ್ಡ್ ಪುಸ್ತಕ ಸುಟ್ಟರೆ ಮುಗಿಯಿತು. ಸುಡಲು ಅಪ್ಪಣೆಯೂ ಇದೆ.

೯ ಅಕ್ಟೋಬರ್

ಪ್ರೊಫೆಸರರಿಗೆ ಪತ್ರದ ಕರಡು: ‘ತೋಟದ ಸಿಬ್ಬಂದಿಯ ತಿಳಿವಳಿಕೆ ಸಾಲದೆ ಆದ ಪ್ರಮಾದದಿಂದ...’ ಎಷ್ಟು ಸರಾಗವಾಗಿ ಬಂತು. ದೇರಪ್ಪ ಇನ್ನೂ ಟೆಂಪರರಿ. ಹೊಸ ಸರಕಾರಕ್ಕೆ ಯಾರನ್ನು ತೆಗೆದುಕೊಳ್ಳಬೇಕೆಂಬ ಪಟ್ಟಿ ಮಡಿಕೇರಿಯಲ್ಲಿ ತಯಾರಾಗುತ್ತಿದೆ. ನಾನು ಪರ್ಮನೆಂಟ್.

ಹರಿದೆ. ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಯಾಕೋ.

೧೮ ಅಕ್ಟೋಬರ್

ನಿನ್ನೆ ಕಾವೇರಿ ಸಂಕ್ರಮಣದ ರಜೆ. ಇವತ್ತು ದೇರಪ್ಪ ನೇರ ಆಫೀಸಿನೊಳಕ್ಕೆ ಬಂದ.

"ನನ್ನಿಂದ ಪ್ರೊಫೆಸರ್ ಲೆಕ್ಕ ಹಾಳಾಯ್ತಂತೆ. ಕೂಸಪ್ಪ ಹೇಳಿದ."

"ನಿಂಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ."

ಒಂದು ಹಾಳೆ ಮೇಜಿನ ಮೇಲಿಟ್ಟ. ಮೂವತ್ತೆಂಟು ನಂಬರು, ಒಂದೊಂದರ ಎದುರೂ ಮರ ಸತ್ತ ತಿಂಗಳು, ಸಸಿ ನೆಟ್ಟ ದಿನ.

"ಎಲ್ಲ ಉಟ್ಟು ಇದರಲ್ಲಿ. ಅವ್ರಿಗೆ ಕೊಟ್ಬಿಡಿ."

"ಕೊಟ್ರೆ ನಿನ್ ಕೆಲಸ?"

"ಹೋದ್ರೆ ಮತ್ತೆ ಎಸ್ಟೇಟು. ಕಾಫಿ ಪಿಕ್ಕಿಂಗ್ ಟೈಮಲ್ಲಿ ರೈಟರ್ ಬೇಡ ಅನ್ನುವವ್ರು ಯಾರು ಉಟ್ಟು?" ಅಷ್ಟರಲ್ಲಿ ಅವನ ಕಣ್ಣು ಮೇಜಿನ ಮೇಲಿದ್ದ ಕಾರ್ಡಿಗೆ ಬಿತ್ತು. ೧೧೭. ಬೆರಳಿಟ್ಟು ಓದಿದ. "ಸಾರ್, ನಾನು ಎರಡು ಅಂತಲ್ವ ಬರ್ದದ್ದು? ಇಪ್ಪತ್ತು ಹೇಗಾತ್?"

ಇಸ್ತ್ರಿ ತಣ್ಣಗಾಗಿದೆ, ಇದ್ದಿಲು ಹಾಕಬೇಕು ಎಂದೇನೋ ಅಂದೆ. ಅವನು ಹಾಳೆಯನ್ನು ಅಲ್ಲೇ ಬಿಟ್ಟು ಹೋದ.

೨೮ ಅಕ್ಟೋಬರ್

ಪ್ರೊಫೆಸರ್ ಬಂದಿದ್ದರು. ಫೀಲ್ಡ್ ಪುಸ್ತಕಗಳ ರಾಶಿ ನೋಡಿ, "ಯಾಕ್ರೀ ಸುಟ್ಟಿಲ್ಲ? ಬೆಂಕಿಪೊಟ್ಟಣಕ್ಕೂ ಸ್ಯಾಂಕ್ಷನ್ ಆಗ್ಬೇಕಾ?"

"ಅವುಗಳಲ್ಲಿ ಸ್ವಲ್ಪ ವ್ಯತ್ಯಾಸ ಇದೆ ಸಾರ್..."

"ಇದ್ದೇ ಇರುತ್ತೆ. ಅದಕ್ಕೇ ಅಲ್ವಾ ನೀವಿರೋದು! ಲೇಖನದ ಕೊನೆಯಲ್ಲಿ ನಿಮ್ಮ ಹೆಸರು ಹಾಕಿದೀನಿ, ಕೃತಜ್ಞತೆ ಅಂತ. ಮೂವತ್ತೊಂದಕ್ಕೆ ಲಾರಿ. ಸಹಿ ಮಾಡಿಟ್ಟಿರಿ."

ಹೇಳಬಹುದಿತ್ತು. ಜೀಪು ಸ್ಟಾರ್ಟ್ ಆಗಲು ಮೂರು ಸಲ ಹ್ಯಾಂಡಲ್ ತಿರುಗಿಸಬೇಕಾಯಿತು. ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದೆ.

೩೧ ಅಕ್ಟೋಬರ್, ಬೆಳಿಗ್ಗೆ ೧೦

ಲಾರಿ ಬಂದು ನಿಂತಿದೆ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಕಾರ್ಡುಗಳಿಗೆ ಸಹಿ ಹಾಕಿಲ್ಲ. ಫೀಲ್ಡ್ ಪುಸ್ತಕಗಳನ್ನು ಅದೇ ಪೆಟ್ಟಿಗೆಯಲ್ಲಿ, ಮುಚ್ಚಳ ತೆರೆದರೆ ಮೊದಲು ಕಾಣುವಂತೆ ಇಟ್ಟಿದ್ದೇನೆ. ದೇರಪ್ಪನ ಹಾಳೆಯೂ ಇದೆ. ಪತ್ರ ಒಂದೇ ಬಾಕಿ. ಕಾಗದದ ಮೇಲೆ ಕೈ ಓಡುತ್ತಿಲ್ಲ, ಮೊದಲು ಇಲ್ಲಿ ಬರೆದು ನೋಡುತ್ತೇನೆ —

‘ಬಿ ಬ್ಲಾಕಿನಲ್ಲಿ ಸತ್ತ ಮರಗಳು ಮೂವತ್ತೆಂಟು. ತೋಟದಲ್ಲಿ ತೆಗೆದ ಅಳತೆಗಳೆಲ್ಲವೂ ಸರಿಯಾಗಿವೆ. ಒಮ್ಮೆಯೂ ಆ ಮರಗಳ ಹತ್ತಿರ ಹೋಗದೆ, ಮೇಜಿನ ಮುಂದೆ ಕೂತು ಅವನ್ನು ತಿದ್ದಿದವನು —