ಹನ್ನೊಂದನೇ ಡ್ರಾಯರಿನ ಕರಿಕಲ್ಲು

ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಅಮ್ಮನ ಮೇಲೆ ಮುನಿಸಿಕೊಳ್ಳಬೇಡ. ಮೊಣಕಾಲು ನೋವು ಹಾಗೇ ಇದೆ. ಕೋಪ ಮಾತ್ರ ಜಾಸ್ತಿಯಾಗಿದೆ.

ನಮ್ಮ ಕಲ್ಲಿನ ಸಂಗ್ರಹಾಲಯದ ಹನ್ನೊಂದನೇ ಡ್ರಾಯರಿನಲ್ಲಿ ನಿಮ್ಮಪ್ಪ ತಂದುಕೊಟ್ಟ ಕರಿಕಲ್ಲಿದೆಯಲ್ಲ, ಅದರದೇ ಜಗಳ. ಆಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಅವರು ಡ್ರಿಲ್ಲಿಂಗ್ ಕೆಲಸ ಮುಗಿಸಿ ಜೇಬಿನ ತುಂಬ ಕಲ್ಲು ತುಂಬಿಕೊಂಡು ಮನೆಗೆ ಬರುತ್ತಿದ್ದರು. ಇದು ಸಿಕ್ಕಿದ್ದು ನೆಲದಾಳದಲ್ಲಿ, ಕರಗಿದ ಬಂಡೆ ಸುಣ್ಣಕಲ್ಲಿಗೆ ನುಗ್ಗಿ ಅದನ್ನು ಬೇಯಿಸಿದ ಜಾಗದಲ್ಲಿ. ಅಯಸ್ಕಾಂತಕ್ಕೆ ಅಂಟಿತೆಂದು ‘ಕಬ್ಬಿಣದ ಅದಿರು’ ಎಂದು ಚೀಟಿ ಬಿತ್ತು. "ಎಳೆ ನೋಡಿ ಸಾರ್, ರೇಷ್ಮೆ ಥರ ಹೊಳೆಯುತ್ತೆ. ಅದಿರು ಬರೀ ಬೆರೆತಿರೋದು. ಇದು ಲುಡ್ವಿಗೈಟ್" ಎಂದು ಆಗಿನ ಮುಖ್ಯಸ್ಥರಿಗೆ ಹೇಳಿದರು ನಿಮ್ಮಪ್ಪ, ಹಳೇ ಪುಸ್ತಕವೊಂದನ್ನು ಓದಿಕೊಂಡು ಬಂದು. ಎಲ್ಲರೂ ನಕ್ಕರು.

ಹೋದ ತಿಂಗಳು ಅದರ ಚೂರೊಂದನ್ನು ಪುಡಿ ಮಾಡಿ, ಆಸಿಡ್ ಹಾಕಿ, ಸ್ಪಿರಿಟ್ ಸುರಿದು ಕಡ್ಡಿ ಗೀರಿದೆ. ಉರಿ ಹಸಿರಾಗಿ ಎದ್ದಿತು. ಅಂದರೆ ಬೋರಾನ್ ಇದೆ. ಬರೀ ಕಬ್ಬಿಣದ ಅದಿರಿನಲ್ಲಿ ಬೋರಾನ್ ಇರುವುದಿಲ್ಲ, ಲುಡ್ವಿಗೈಟಿನಲ್ಲಿರುತ್ತದೆ. ದೊಡ್ಡ ಲ್ಯಾಬಿಗೂ ಕಳಿಸಿದೆ. ಲುಡ್ವಿಗೈಟ್ ಎಂದೇ ವರದಿ ಬಂತು. ನಿಮ್ಮಪ್ಪ ಹೋಗಿ ಆರು ವರ್ಷವಾದ ಮೇಲೆ.

ನಮ್ಮ ಮುಖ್ಯಸ್ಥರು, "ಹೊಸ ಚೀಟಿ ಬರೀರಮ್ಮ. ಗುರುತಿಸಿದವರು ಅನ್ನೋ ಕಡೆ ನನ್ನ ಹೆಸರು ಹಾಕಿ" ಎಂದರು.

"ಗುರುತಿಸಿದ್ದು ನಮ್ಮನೆಯವರು."

"ಡ್ರಿಲ್ಲರ್ ಹೆಸರು ಹಾಕಿದ್ರೆ ಜನ ನಗ್ತಾರೆ."

"ಆಗ್ಲೇ ನಕ್ಕಾಯ್ತಲ್ಲ ಸಾರ್" ಎಂದೆ.

ನಿಮ್ಮಪ್ಪನ ಪೂರ್ತಿ ಹೆಸರು, ಪಕ್ಕದಲ್ಲಿ ‘ಡ್ರಿಲ್ಲರ್’ ಎಂದು ಬರೆದಿಟ್ಟೆ. ಮುಖ್ಯಸ್ಥರು ಕಿತ್ತರು. ಮರುದಿನ ಮತ್ತೆ ಬರೆದಿಟ್ಟೆ. ಇವತ್ತಿಗೆ ನಾಲ್ಕು ಸಲವಾಯಿತು. ನೋಟಿಸು ಕೈಗೆ ಬಂದಿದೆ. ನಿವೃತ್ತಿಗೆ ಮೂರು ತಿಂಗಳಿದೆ, ಪಿಂಚಣಿಗೆ ಕಲ್ಲು ಹಾಕುತ್ತಾರಂತೆ. ಹಾಕಲಿ, ಕಲ್ಲು ಹೊತ್ತೇ ಮುದುಕಿಯಾದವಳು ನಾನು. ಕೈ ಬೀಳುವತನಕ ಬರೆಯುತ್ತೇನೆ.

ನೀನು ಹೆದರಿಕೊಂಡು ಓಡಿ ಬರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಚೆನ್ನಾಗಿರು ಕಂದಾ.

ನಿನ್ನ ಅಮ್ಮ

ತಾ.ಕ.: ನಮ್ಮಲ್ಲಿ ಹಳೆಯ ಚೀಟಿಯನ್ನು ಎಸೆಯುವುದಿಲ್ಲ, ಹೊಸದರ ಕೆಳಗೇ ಇಡುತ್ತೇವೆ. ‘ಕಬ್ಬಿಣದ ಅದಿರು’ ಎಂದು ಬರೆದದ್ದು ನನ್ನ ಕೈ ಪುಟ್ಟಿ. "ಬರೀಬೇಡ ಕಣೆ" ಎಂದು ನಿಮ್ಮಪ್ಪ ಪಕ್ಕದಲ್ಲೇ ನಿಂತು ಹೇಳಿದ್ದರು. "ಓದಿದೋರಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಎಂದು ಎಲ್ಲರೆದುರು ಕೇಳಿದೆ. ಮೊದಲು ನಕ್ಕವಳೂ ನಾನೇ. ಆಮೇಲೆ ಅವರು ಸಾಯುವತನಕ ಮನೆಗೆ ಒಂದು ಕಲ್ಲನ್ನೂ ತರಲಿಲ್ಲ.