ಒಂದು ಓಟಿನ ತಕರಾರು

ಗೆಳೆಯ ಕೊಟ್ರೇಶಿ,

ನಿನ್ನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹೊಲಿಗೆ ಮಷಿನ್ ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ. ನೀನು ಹೋಗಿ ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲಿ ನಮ್ಮ ಕ್ಷೇತ್ರದ ಶಾಸಕರೂ ತೀರಿಕೊಂಡು ಸೀಟು ಖಾಲಿಯಾಯಿತು. ಉಪಚುನಾವಣೆ ಬಂತು ಮಾರಾಯ. ಮೊನ್ನೆ ಮತದಾನ ಮುಗಿಯಿತು, ಎಣಿಕೆ ಇನ್ನೂ ಆಗಿಲ್ಲ. ಯಾರು ಗೆಲ್ಲುತ್ತಾರೆ ಅಂತ ಮಾತ್ರ ಕೇಳಬೇಡ. ನಿನ್ನ ಪಾರ್ಟಿ ಸೋಲುತ್ತದೆ ಅಂದರೆ ಮಲಗಿದಲ್ಲಿಂದ ಎದ್ದು ಜಗಳಕ್ಕೆ ಬರುವ ಪೈಕಿ ನೀನು.

ನಾವು ಮೊದಲ ಸಲ ಬೂತಿನಲ್ಲಿ ಪಾರ್ಟಿ ಏಜೆಂಟರಾಗಿ ಕೂತದ್ದು ನೆನಪಿದೆಯಾ? ನಮ್ಮ ಗಲ್ಲಿಯ ಶಾಲೆ, ಮಕ್ಕಳು ಕೂರುವ ಗಿಡ್ಡ ಬೆಂಚು, ಅದರ ಮೇಲೆ ನಿನ್ನ ಪಾರ್ಟಿಗೆ ನೀನು, ನನ್ನ ಪಾರ್ಟಿಗೆ ನಾನು. ತೊಡೆಯ ಮೇಲೆ ಮತದಾರರ ಪಟ್ಟಿ. ಅಧಿಕಾರಿ ಒಬ್ಬೊಬ್ಬರ ನಂಬರು, ಹೆಸರು ಕೂಗಿದ ಹಾಗೆ ನಾವು ಅದರ ಮುಂದೆ ಗುರುತು ಹಾಕಬೇಕು. ಮಧ್ಯಾಹ್ನ ನಿನ್ನ ಮನೆಯಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು, ಇಬ್ಬರಿಗಾಗುವಷ್ಟು. ಅದನ್ನು ನೋಡಿದ ನಿಮ್ಮ ಮುಖಂಡರು, ಎದುರು ಪಾರ್ಟಿಯವನಿಗೆ ತಿನ್ನಿಸುತ್ತೀಯಲ್ಲ ಅಂತ ಬೈದರು. ನೀನು ತಲೆ ಎತ್ತದೆ ಹೇಳಿದೆ: "ಬಾಯಾಗ ಮಂಡಕ್ಕಿ ಇರೋತನಕ ಇವ ತಕರಾರು ತೆಗೆಯಲ್ರಿ." ಅಂದಿನಿಂದ ಮೂವತ್ತು ವರ್ಷ ಅದೇ ಬೆಂಚು, ಅದೇ ಮಂಡಕ್ಕಿ. ತಕರಾರನ್ನಂತೂ ನಾನು ಬಿಡಲಿಲ್ಲ.

ಒಂದು ಸಲ, ಸರಸ್ವತಿ ನಗರಕ್ಕೆ ಮನೆ ಬದಲಿಸಿದ್ದ ಆ ಹೂ ಮಾರುವ ಹೆಂಗಸು ಓಟು ಹಾಕಲು ಬಂದಾಗ ನಾನು ಎದ್ದು ನಿಂತು ಬಿಟ್ಟಿದ್ದೆ. ಅವಳು ಈಗ ಈ ಗಲ್ಲಿಯವಳಲ್ಲ ಅಂತ ನಾನು, ಪಟ್ಟಿಯಲ್ಲಿ ಹೆಸರಿದೆ ಅಂತ ನೀನು. ಪೊಲೀಸರು ಬಾಗಿಲಲ್ಲಿ ಇಣುಕುವವರೆಗೂ ಕಿತ್ತಾಡಿದೆವು. ಕೊನೆಗೆ ಓಟು ಹಾಕಿದಳು, ನೀನು ಗೆದ್ದೆ. ಮರುದಿನ ಎಂದಿನ ಹಾಗೆ ಅಂಗಡಿ ಬಾಗಿಲು ಹಾಕಿ ಹರಿಹರದ ಬಸ್ಸು ಹತ್ತಿದೆವು. ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತು ಬೂತಿನ ಲೆಕ್ಕ ಹಾಕುವುದೇ ಒಂದು ಹಬ್ಬ. ಎಣಿಕೆಗೆ ಮೊದಲೇ ಇಬ್ಬರೂ ಗೆದ್ದುಕೊಂಡು ವಾಪಸ್ ಬರುತ್ತಿದ್ದೆವು. ಈ ಸಲ ನಾನು ಹರಿಹರಕ್ಕೆ ಹೋಗಲಿಲ್ಲ. ಯಾರ ಜೊತೆ ಜಗಳಾಡಲಿ ಹೇಳು?

ಮೊನ್ನೆ ಬೆಳಿಗ್ಗೆ ಬೂತಿಗೆ ಹೋದರೆ ನಿನ್ನ ಜಾಗದಲ್ಲಿ ನಿನ್ನ ಮಗಳು ವೀಣಾ ಕೂತಿದ್ದಳು. ನಿಮ್ಮ ಪಾರ್ಟಿಯವರು ಕೇಳಿದರಂತೆ, ಹರಿಹರದ ಕೆಲಸಕ್ಕೆ ರಜೆ ಹಾಕಿ ಬಂದಳಂತೆ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನು ಎತ್ತಿ ಆಡಿಸಿದ ಹುಡುಗಿ ಎದುರು ಪಾರ್ಟಿ ಅಂತ ಕೂತರೆ ಹೇಗಪ್ಪಾ? ಅವಳಾದರೋ ನಿನಗಿಂತ ಬಿಗಿ. ಮಾತಿಲ್ಲ, ನಗುವಿಲ್ಲ, ತಲೆ ತಗ್ಗಿಸಿ ಗುರುತು ಹಾಕಿದ್ದೇ ಹಾಕಿದ್ದು. ಮಧ್ಯಾಹ್ನ ಡಬ್ಬಿ ತೆರೆದು ನನ್ನ ಕಡೆ ಸರಿಸಿದಳು. ನಾನು ಹಸಿವಿಲ್ಲ ಅಂದೆ.

ಸಂಜೆ ಬಾಗಿಲು ಹಾಕಿದ ಮೇಲೆ ನಡೆದದ್ದನ್ನು ನಿನಗೆ ಹೇಗೆ ಹೇಳಲಿ... ಅಧಿಕಾರಿ, ಮಾಯಕೊಂಡ ಕಡೆಯ ಮೇಷ್ಟ್ರೊಬ್ಬರು, ಮಷಿನ್ ತೋರಿಸಿದ ಒಟ್ಟು ಓಟು ಓದಿದರು. ವೀಣಾಳ ಲೆಕ್ಕಕ್ಕೆ ಸರಿಹೊಂದಿತು. ನನ್ನ ಪಟ್ಟಿಯಲ್ಲಿ ಮಾತ್ರ ಒಂದು ಗುರುತು ಹೆಚ್ಚಿಗಿತ್ತು. ಎರಡು ಸಲ ಎಣಿಸಿದೆ, ಅದೇ. ನನಗೆ ರೇಗಿತು. ಒಳಗೆ ಬಂದವರ ಪೈಕಿ ಒಬ್ಬರ ಓಟು ಎಲ್ಲೋ ಮಾಯವಾಗಿದೆ, ಅದು ಸಿಗುವವರೆಗೆ ನಾನು ಸಹಿ ಹಾಕುವುದಿಲ್ಲ, ಮಷಿನ್ನಿಗೆ ಸೀಲೂ ಬೀಳಬಾರದು ಅಂದೆ. ಹೊರಗೆ ಮಷಿನ್ ಒಯ್ಯಲು ಬಂದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಮೇಲಿನವರಿಗೆ ಫೋನು ಹಚ್ಚಿದರು. ನನ್ನ ಕಣ್ಣಿಗೆ ಬಿದ್ದವಳು ವೀಣಾ. ಇಡೀ ದಿನದ ಸಿಟ್ಟು ಅವಳ ಮೇಲೆ ತಿರುಗಿತು.

"ನಿಮ್ಮ ಕಡೆಯೋರೇ ಏನೋ ಮಾಡೀರಿ. ನಿಮ್ಮಪ್ಪ ಇದ್ದಿದ್ರೆ ಇವತ್ತು ಹಿಂಗ್ ಆಗ್ತಿರಲಿಲ್ಲ."

ಅಂದೆ ಕೊಟ್ರೇಶಿ, ಎಲ್ಲರ ಮುಂದೆ ಅಂದೆ. ಹುಡುಗಿಯ ಮುಖ ಸಣ್ಣದಾಯಿತು. ತನ್ನ ಪಟ್ಟಿ ಹಿಡಿದು ನನ್ನ ಪಕ್ಕಕ್ಕೆ ಬಂದು ಕೂತಳು, ಒಂದೊಂದೇ ನಂಬರು ತಾಳೆ ನೋಡೋಣ ಅಂದಳು. ಪುಟದ ಮೇಲೆ ಪುಟ ತಿರುವಿದೆವು. ನಮ್ಮ ಗಲ್ಲಿಯ ಪುಟ ಬಂದಾಗ ಅವಳ ಬೆರಳು ನಿಂತಿತು. ನಾನು ಕನ್ನಡಕ ಏರಿಸಿ ಬಗ್ಗಿ ನೋಡಿದೆ. ನಿನ್ನ ಹೆಸರು, ನಿಮ್ಮಪ್ಪನ ಹೆಸರು, ನಿನ್ನ ವಯಸ್ಸು. ಮುಂದೆ ನನ್ನ ಪೆನ್ಸಿಲ್ಲಿನ ದಪ್ಪ ಗುರುತು.

ಮೂವತ್ತು ವರ್ಷವೂ ಬೂತಿನ ಬಾಗಿಲು ತೆರೆದ ಕೂಡಲೇ ಮೊದಲ ಓಟು ನಿನ್ನದು, ಎರಡನೆಯದು ನನ್ನದು. ಆಮೇಲೆ ನಾವು ಬೆಂಚು ಬಿಟ್ಟು ಏಳುವಂತಿಲ್ಲವಲ್ಲ, ಅದಕ್ಕೆ ಅಧಿಕಾರಿಗಳು ಪ್ರತಿ ಸಲ ನಮ್ಮಿಬ್ಬರನ್ನು ಮೊದಲು ಬಿಡುತ್ತಿದ್ದರು. ನಾನು ಓಟು ಹಾಕಲು ಏಳುವ ಮೊದಲು ನಿನ್ನ ಹೆಸರಿಗೆ ಗುರುತು ಹಾಕಿಯೇ ಏಳುವುದು. ಮೊನ್ನೆ ಬೆಳಿಗ್ಗೆಯೂ ಕೈ ತನ್ನಷ್ಟಕ್ಕೆ ಆ ಕೆಲಸ ಮಾಡಿ ಮುಗಿಸಿತ್ತು. ನಿನ್ನ ಹೆಸರು ಪಟ್ಟಿಯಲ್ಲಿ ಯಾಕೆ ಉಳಿದಿದೆ ಅಂತಲೂ ನನಗೆ ಹೊಳೆಯಲಿಲ್ಲ. ನೀನು ಮೇಲೆ ಹೋಗಿದ್ದು ನನಗೆ ಗೊತ್ತಿದ್ದೂ ಗೊತ್ತಿರಲಿಲ್ಲವೇನೋ.

ಮೇಷ್ಟ್ರು ಏನಾಯಿತು ಅಂತ ಕೇಳಿದರು. ವೀಣಾ ಮೆಲ್ಲಗೆ ನನ್ನ ಪಟ್ಟಿ ಮುಚ್ಚಿದಳು.

"ಲೆಕ್ಕ ಸರಿ ಐತೆ ಸಾರ್. ಎಣಿಸೋದ್ರಾಗ ತಪ್ಪಾಗಿತ್ತು."

ಯಾರು ಎಣಿಸಿದ್ದು ಅಂತ ಅವಳು ಹೇಳಲಿಲ್ಲ. ನಾನು ಸಹಿ ಹಾಕಿದೆ, ಅವಳೂ ಹಾಕಿದಳು, ಸೀಲು ಬಿತ್ತು. ಶಾಲೆಯ ಗೇಟಿನ ಹತ್ತಿರ ಅವಳ ಕೈ ಹಿಡಿದು, ತಪ್ಪಾಯ್ತು ಮಗಳೇ ಅಂದೆ. ಆಗ ಅವಳಿಗೆ ಅಳು ಬಂತು. ಪಟ್ಟಿಯಿಂದ ನಿನ್ನ ಹೆಸರು ತೆಗೆಸುವ ಅರ್ಜಿ ಹಿಡಿದು, ಮತದಾರರ ಪಟ್ಟಿಯ ಕೆಲಸವನ್ನೂ ನೋಡುವ ಅಂಗನವಾಡಿ ಟೀಚರ್ ಮೂರು ಸಲ ಮನೆಗೆ ಬಂದರಂತೆ. ನಿನ್ನ ಹೆಂಡತಿ ಒಂದು ಸಲ ಪೆನ್ನಿಲ್ಲ ಅಂದಳಂತೆ, ಇನ್ನೊಂದು ಸಲ ಒಳಗಿಂದ ಬರಲೇ ಇಲ್ಲವಂತೆ.

"ನಮ್ಮ ಕೈಲಿ ಆಗ್ತಿಲ್ಲ ಕಾಕಾ," ಅಂದಳು ವೀಣಾ. "ಸಹಿ ನೀವು ಹಾಕ್ರಿ."

ಇವತ್ತು ಬೆಳಿಗ್ಗೆ ಟೀಚರನ್ನು ನಾನೇ ಅಂಗಡಿಗೆ ಕರೆಸಿದೆ. ಕ್ಷೇತ್ರದ ಯಾವ ಮತದಾರ ಸಹಿ ಹಾಕಿದರೂ ನಡೆಯುತ್ತದಂತೆ. ವೀಣಾ ಚಹಾ ತಂದಳು. ಅವಳಿಗೆ ಮಾತು ಕೊಟ್ಟಿದ್ದೇನೆ, ಬರುವ ಚುನಾವಣೆಯ ಮರುದಿನ ಇಬ್ಬರೂ ಹರಿಹರಕ್ಕೆ ಹೋಗುತ್ತೇವೆ. ಅವಳಿಗೆ ನಿನ್ನಷ್ಟು ಜಗಳ ಬರುವುದಿಲ್ಲ, ಕಲಿಸುತ್ತೇನೆ. ಟೀಚರ್ ಅರ್ಜಿ ತುಂಬುತ್ತ, ಕೊಟ್ರೇಶಪ್ಪನವರಿಗೆ ನೀವು ಏನಾಗಬೇಕು ಅಂತ ಕೇಳಿದರು. ಏನಂತ ಹೇಳಲಿ?

"ಎದುರು ಪಾರ್ಟಿ ಏಜೆಂಟ್ರಿ," ಅಂದೆ.

ಆಕೆ ನಗಲಿಲ್ಲ, ಪೆನ್ನು ನನ್ನ ಕೈಗೆ ಕೊಟ್ಟರು. ನಿನ್ನ ಕಡೆಯ ಎಷ್ಟೋ ಹೆಸರಿಗೆ ತಕರಾರು ತೆಗೆದವನು ನಾನು, ನಿನ್ನ ಹೆಸರಿಗೆ ಎಂದೂ ತೆಗೆದಿರಲಿಲ್ಲ. ಇವತ್ತು ಸಹಿ ಹಾಕಿಬಿಟ್ಟೆ ಕೊಟ್ರೇಶಿ. ಬೇಕಾದರೆ ಬಂದು ಜಗಳಾಡು.

ನಿನ್ನ
ದಾದಾಪೀರ